ಗೆದ್ದವನಿಗೇ ಕಾರ್ಡು: ಹೊನ್ನಾಳಿ ಜಗಲಿಯಿಂದ ಒಂದು ನಿಯಮದ ಚರಿತ್ರೆ

ಮೊನ್ನೆ ಹೊನ್ನಾಳಿಗೆ ಹೋಗಿದ್ದೆ. ಅಜ್ಜಿ ಮನೆಯ ಹೆಂಚು ಇಳಿಸ್ತಾ ಇದ್ದಾರೆ, ಅಟ್ಟ ಖಾಲಿ ಮಾಡೋಕೆ ಒಂದೆರಡು ಕೈ ಬೇಕು ಅಂತ ಮಾವ ಫೋನ್ ಮಾಡಿದ್ರು. ಹಳೇ ಹಂಡೆ, ಮುರಿದ ತೊಟ್ಟಿಲು, ಇಲಿ ತಿಂದ ಪಂಚಾಂಗ ಇವುಗಳ ಮಧ್ಯೆ ಒಂದು ಬಿಸ್ಕತ್ತಿನ ಡಬ್ಬಿ ಸಿಕ್ತು. ಅದರೊಳಗೆ ರಬ್ಬರ್ ಬ್ಯಾಂಡ್ ಕರಗಿ ಅಂಟಿಕೊಂಡಿದ್ದ ಒಂದು ಕಟ್ಟು ಟ್ರಂಪ್ ಕಾರ್ಡು, ಜೊತೆಗೆ ನೋಟ್‌ಬುಕ್ಕಿನಿಂದ ಹರಿದ ಎರಡು ಹಾಳೆ. ಹಾಳೆಯ ಮೇಲೆ ಮಾವನ ದುಂಡು ಅಕ್ಷರ: "ಮೇ 1997. ನಾಲ್ಕು ಊರಿನ ಪಂದ್ಯ. ನಿಯಮಗಳು."

ಕೂತಲ್ಲೇ ಕೂತುಬಿಟ್ಟೆ. ಅಟ್ಟದ ಕೆಲಸ ಅಲ್ಲಿಗೇ ನಿಂತಿತು. :-)

ಚರಿತ್ರೆ ಅಂದ್ರೆ ರಾಜರು, ಯುದ್ಧ, ಶಾಸನ ಅಂತ ಶಾಲೆಯಲ್ಲಿ ಓದಿದ್ವಿ. ನಾನು ಇವತ್ತು ಬರೆಯೋಕೆ ಹೊರಟಿರೋದು ಒಂದೇ ಒಂದು ಸಣ್ಣ ನಿಯಮದ ಚರಿತ್ರೆ. ಆಟ ಮುಗಿದ ಮೇಲೆ ಸೋತವನ ಕಾರ್ಡು ಯಾರದ್ದು? ಗೆದ್ದವನದೋ, ತಂದವನದೋ? ನಗಬೇಡಿ. ಈ ಪ್ರಶ್ನೆ ನಮ್ಮ ಜಗಲಿಯ ಮೇಲೂ ಎದ್ದಿತ್ತು, ಅಮೆರಿಕದಲ್ಲೂ ಎದ್ದಿತ್ತು. ಇದರ ಪಕ್ಕದ ಪ್ರಶ್ನೆಯೊಂದು ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

*

ಮೊದಲು ಊರುಗಳ ಕಥೆ ಹೇಳ್ತೀನಿ. ಅಜ್ಜಿ ಮನೆ ಹೊನ್ನಾಳಿಯಲ್ಲಿ, ತುಂಗಭದ್ರೆಯ ದಂಡೆಗೆ ಹತ್ತಿರ. ಬೇಸಿಗೆ ರಜಕ್ಕೆ ಎಲ್ಲರೂ ಅಲ್ಲಿಗೇ ಬರ್ತಿದ್ವಿ. ನಾವು ಇಬ್ಬರು ಅಣ್ಣತಮ್ಮಂದಿರು ಚನ್ನಗಿರಿಯಿಂದ. ಒಬ್ಬ ದೊಡ್ಡಮ್ಮನ ಮಕ್ಕಳು ನ್ಯಾಮತಿಯಿಂದ, ಇನ್ನೊಬ್ಬ ದೊಡ್ಡಮ್ಮನ ಹುಡುಗರು ಜಗಳೂರಿನಿಂದ. ಮಾವನ ಮಕ್ಕಳು ಅಲ್ಲಿಯವರೇ. ಒಟ್ಟು ಎಂಟು ಜನ, ಊರಿಗೆ ಇಬ್ಬಿಬ್ಬರು.

ಆಗ ದಾವಣಗೆರೆ ಇನ್ನೂ ಜಿಲ್ಲೆ ಆಗಿರಲಿಲ್ಲ. ಚನ್ನಗಿರಿ, ಹೊನ್ನಾಳಿ ಎರಡೂ ಶಿವಮೊಗ್ಗಕ್ಕೆ ಸೇರಿದ್ವು, ಜಗಳೂರು ಚಿತ್ರದುರ್ಗಕ್ಕೆ. ಹೊಸ ಜಿಲ್ಲೆ ಆದದ್ದು ಅದೇ ವರ್ಷ ಆಗಸ್ಟ್ 15ಕ್ಕೆ. ನ್ಯಾಮತಿ ಅಂತೂ ಹೊನ್ನಾಳಿ ತಾಲ್ಲೂಕಿನ ಒಂದು ಹೋಬಳಿ. "ಹೊನ್ನಾಳಿ, ನ್ಯಾಮತಿ ಎರಡೂ ಸೇರಿ ಒಂದೇ ಟೀಮು" ಅಂತ ಮಾವನ ಮಗ ಅಂದಾಗ ನ್ಯಾಮತಿಯ ಅಕ್ಕ ಕೆರಳಿ ಕೆಂಡವಾಗಿದ್ಲು. "ನಾವ್ಯಾಕೆ ನಿಮ್ಮ ಕೆಳಗೆ?" ಕೊನೆಗೆ ಬೇರೆ ಟೀಮು ಕೊಟ್ವಿ. ಸರ್ಕಾರ ನ್ಯಾಮತಿಯನ್ನ ತಾಲ್ಲೂಕು ಮಾಡಿದ್ದು 2018ರಲ್ಲಿ. ಇಪ್ಪತ್ತು ವರ್ಷ ಮೊದಲೇ ನಮ್ಮ ಜಗಲಿಯ ಮೇಲೆ ಆ ಕೆಲಸ ಆಗಿಹೋಗಿತ್ತು ಅಂತ ದಾಖಲೆಗೆ ಬರೆದಿಡ್ತಿದೀನಿ.

ಆಟ ಯಾವುದು ಅಂತೀರಾ? ಕುಸ್ತಿಯವರ ಟ್ರಂಪ್ ಕಾರ್ಡು. ಆಗಿನ ಡಬ್ಲ್ಯೂ‌ಡಬ್ಲ್ಯೂ‌ಎಫ್ (2002ರಲ್ಲಿ ಡಬ್ಲ್ಯೂ‌ಡಬ್ಲ್ಯೂ‌ಇ ಅಂತ ಹೆಸರು ಬದಲಾಯ್ತು). ಕೇಬಲ್ ಟಿವಿ ನಮ್ಮ ಕಡೆಯ ಓಣಿಗಳಿಗೆ ಬಂದು ಕೆಲವೇ ವರ್ಷ ಆಗಿತ್ತು. ಟಿವಿಯಲ್ಲಿ ನೋಡಿದವರಿಗಿಂತ ಕಾರ್ಡಿನಲ್ಲಿ ನೋಡಿದವರೇ ಜಾಸ್ತಿ. ಅಂಡರ್‌ಟೇಕರ್, ಯೋಕೋಝುನಾ, ಬ್ರೆಟ್ ಹಾರ್ಟ್... ಒಬ್ಬೊಬ್ಬರ ಫೋಟೋ ಕೆಳಗೆ ರ‍್ಯಾಂಕು, ಎತ್ತರ, ತೂಕ, ಎದೆ, ಬೈಸೆಪ್ಸು. ತೂಕ ಕೂಗಿದ್ರೆ ಯೋಕೋಝುನಾಗೆ ಎದುರಿಲ್ಲ. ಎತ್ತರ ಕೂಗಿದ್ರೆ ಜೈಂಟ್ ಗೊಂಜಾಲೆಸ್. ಅಂಡರ್‌ಟೇಕರ್ ಇದ್ರೆ ಯಾವುದನ್ನು ಕೂಗಿದ್ರೂ ಮಾನ ಹೋಗಲ್ಲ ಅನ್ನೋದು ನಮ್ಮೆಲ್ಲರ ನಂಬಿಕೆ.

ಈ ಆಟ ನಮ್ಮದೇನೂ ಅಲ್ಲ. ಜರ್ಮನಿಯ ಮಕ್ಕಳು ಆಡುತ್ತಿದ್ದ ಕ್ವಾರ್ಟೆಟ್ ಅನ್ನೋ ಕಾರ್ಡಾಟದಿಂದ ಬೆಳೆದು, 1970ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನಲ್ಲಿ 'ಟಾಪ್ ಟ್ರಂಪ್ಸ್' ಅಂತ ಹೆಸರು ಮಾಡಿದ್ದು. ವಿಮಾನ, ಕಾರು, ಕ್ರಿಕೆಟ್ಟು ಅಂತ ನಮ್ಮ ದೇಶದ ಅಂಗಡಿಗೂ ಬಂತು.

*

ಕಾರ್ಡು ಕೂಡಿಹಾಕೋ ಹುಚ್ಚು ಇದಕ್ಕಿಂತ ಹಳೆಯದು. ಅದರ ಹಿಂದೆ ಇರೋದು ತಂಬಾಕು! 19ನೇ ಶತಮಾನದ ಕೊನೆಯಲ್ಲಿ ಅಮೆರಿಕ, ಇಂಗ್ಲೆಂಡಿನ ಸಿಗರೇಟು ಕಂಪನಿಗಳು ಪ್ಯಾಕು ಬಾಗದಿರಲಿ ಅಂತ ಒಳಗೊಂದು ಗಟ್ಟಿ ಕಾಗದ ಇಡುತ್ತಿದ್ದವು. ಅದರ ಮೇಲೆ ನಟಿಯರು, ಸೈನಿಕರು, ಆಟಗಾರರ ಚಿತ್ರ ಅಚ್ಚು ಹಾಕಿದಾಗ ಜನ ಸೆಟ್ಟು ತುಂಬಿಸೋಕೆ ಅಂತಲೇ ಸಿಗರೇಟು ಕೊಳ್ಳೋಕೆ ಶುರು ಮಾಡಿದ್ರು. ವಿಲ್ಸ್ ಕಂಪನಿ 1896ರಲ್ಲೇ 50 ಕ್ರಿಕೆಟಿಗರ ಸೆಟ್ಟು ತಂದಿತ್ತು. ಎರಡನೇ ಮಹಾಯುದ್ಧದಲ್ಲಿ ಕಾಗದ ಉಳಿಸಬೇಕು ಅಂತ 1940ರಲ್ಲಿ ಇಂಗ್ಲೆಂಡಿನಲ್ಲಿ ಇದು ನಿಂತಿತು.

ನಮ್ಮ ಊರುಗಳಲ್ಲಿ ಒಳಗಿನ ಕಾರ್ಡು ಇರಲಿಲ್ಲ, ಹೊರಗಿನ ಪ್ಯಾಕೇ ಕಾರ್ಡು! ಬಸ್‌ಸ್ಟ್ಯಾಂಡಿನಲ್ಲಿ, ಹೋಟೆಲ್ ಹಿಂದೆ ಬಿದ್ದ ಖಾಲಿ ಪ್ಯಾಕು ಆರಿಸಿ, ಬಿಡಿಸಿ, ಚಪ್ಪಟೆ ಮಾಡಿ ಇಟ್ಕೊಳ್ಳೋದು. ಚಾರ್ಮಿನಾರಿಗೆ ಕಡಿಮೆ ಬೆಲೆ, ಎಲ್ಲಾ ಕಡೆ ಸಿಗುತ್ತಲ್ಲ. ಗೋಲ್ಡ್ ಫ್ಲೇಕಿಗೆ ಜಾಸ್ತಿ. ಫಾರಿನ್ ಪ್ಯಾಕು ಸಿಕ್ಕಿದವನು ಆ ವಾರ ರಾಜ. ನೆಲದ ಮೇಲೆ ಗೆರೆ ಎಳೆದು, ಪ್ಯಾಕು ಪೇರಿಸಿ, ಕಲ್ಲಿನಲ್ಲಿ ಹೊಡೆದು ಹೊರಗೆ ಹಾಕಿದವನಿಗೆ ಆ ಪ್ಯಾಕು. ಬೆಂಕಿಪೊಟ್ಟಣದ ಚಿತ್ರಕ್ಕೂ, ಗೋಲಿಗೂ ಇದೇ ನಿಯಮ. ಗೆದ್ದದ್ದು ಗೆದ್ದವನದ್ದೇ. ಅದರಲ್ಲಿ ಯಾರಿಗೂ ತಕರಾರು ಇರಲಿಲ್ಲ. ಯಾಕಂದ್ರೆ ಕಳೆದುಕೊಂಡವನು ನಾಳೆ ಮತ್ತೆ ಬಸ್‌ಸ್ಟ್ಯಾಂಡಿಗೆ ಹೋಗಿ ಆರಿಸಿಕೊಂಡು ಬರಬಹುದಿತ್ತು.

ಟ್ರಂಪ್ ಕಾರ್ಡು ಬಂದಾಗ ನಿಯಮ ಹಳೆಯದೇ ಉಳೀತು, ಆದರೆ ಕಾರ್ಡಿಗೆ ದುಡ್ಡು ಕೊಡಬೇಕಿತ್ತು. ಜಗಳ ಶುರುವಾದದ್ದೇ ಇಲ್ಲಿ.

*

ಇದನ್ನ ಇಸ್ಪೀಟಿಗೆ ಹೋಲಿಸಿ ನೋಡಿ. ಇಸ್ಪೀಟಿನ ಕಟ್ಟಿನಲ್ಲಿ 52 ಎಲೆ. ಸಾಹುಕಾರ ಕೂತರೂ ಅದೇ 52, ಆಳು ಕೂತರೂ ಅದೇ 52. ಕಟ್ಟು ಇಬ್ಬರ ಮಧ್ಯೆ ಇರುತ್ತೆ, ಯಾರ ಸ್ವಂತದ್ದೂ ಅಲ್ಲ. ಅದಕ್ಕೂ ಹಿಂದಿನ ಗಂಜೀಫಾ ಕೂಡ ಹಾಗೇ. 1527ರಲ್ಲಿ ಬಾಬರ್ ಸಿಂಧ್‌ನಲ್ಲಿದ್ದ ಗೆಳೆಯನಿಗೆ ಗಂಜೀಫಾ ಕಳಿಸಿದ ಉಲ್ಲೇಖ ಅವನ ಆತ್ಮಕಥೆಯಲ್ಲಿದೆ. ಮೊಘಲರ ಕಟ್ಟಿನಲ್ಲಿ 8 ಬಣ್ಣ, ಬಣ್ಣಕ್ಕೆ 12ರಂತೆ 96 ಎಲೆ. ನಮ್ಮವರು ಅದನ್ನು ದಶಾವತಾರ ಮಾಡಿಕೊಂಡಾಗ 10 ಬಣ್ಣ, 120 ಎಲೆ ಆಯ್ತು. ಮತ್ಸ್ಯ, ಕೂರ್ಮ, ವರಾಹ ಅಂತ ಒಂದೊಂದು ಅವತಾರಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಮತ್ತೆ ಒಂದರಿಂದ ಹತ್ತು.

ಈ ವಿಷಯದಲ್ಲಿ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಮೀರಿಸಿದವರಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಸರಿಗೆ ಉಳಿದದ್ದು ಅರಮನೆ, ವಿದ್ವಾಂಸರು, ಕಲಾವಿದರು. ಅವರು ಸಿಕ್ಕ ಸಮಯವನ್ನೆಲ್ಲ ಪುಸ್ತಕ ಮತ್ತು ಆಟಗಳಿಗೆ ಸುರಿದರು. 'ಶ್ರೀತತ್ತ್ವನಿಧಿ'ಯ ಕೌತುಕನಿಧಿ ಭಾಗದಲ್ಲಿ ಅವರೇ ಕಟ್ಟಿದ ಕಾರ್ಡಾಟಗಳ ವಿವರ ಇದೆ. ಕೆಲವಕ್ಕೆ 300ಕ್ಕೂ ಹೆಚ್ಚು ಎಲೆ! ಆಡೋದಿರಲಿ, ಹಂಚೋಕೇ ಅರ್ಧ ದಿನ ಬೇಕು. ಗಂಜೀಫಾದಲ್ಲಿ ಎರಡು ದರ್ಜೆ ಇದ್ದವು. ದಂತದ ಮೇಲೋ ಆಮೆಚಿಪ್ಪಿನ ಮೇಲೋ ಬರೆದದ್ದು ದರ್ಬಾರಿನವರಿಗೆ, ಅಗ್ಗದ ಸಾಮಗ್ರಿಯದ್ದು ಬಜಾರಿನವರಿಗೆ. ಬೆಲೆಯಲ್ಲಿ ಭೂಮಿ ಆಕಾಶದ ವ್ಯತ್ಯಾಸ. ಆದರೆ ದಂತದ ಮೀನಿಗೂ ಬಟ್ಟೆಯ ಮೀನಿಗೂ ಆಟದಲ್ಲಿ ಬಲ ಒಂದೇ. ದುಡ್ಡು ಕೊಟ್ಟವನಿಗೆ ಚಂದದ ಎಲೆ ಸಿಗಬಹುದಿತ್ತು, ಗೆಲ್ಲೋ ಎಲೆ ಸಿಗುತ್ತಿರಲಿಲ್ಲ.

ಇದನ್ನ ಬದಲಾಯಿಸಿದ್ದು 1993ರಲ್ಲಿ ಬಂದ 'ಮ್ಯಾಜಿಕ್: ದಿ ಗ್ಯಾದರಿಂಗ್'. ಮಾಡಿದವರು ರಿಚರ್ಡ್ ಗಾರ್ಫೀಲ್ಡ್ ಅನ್ನೋ ಗಣಿತಜ್ಞ, ಅದೇ ವರ್ಷ ಪಿಎಚ್‌ಡಿ ಮುಗಿಸಿದವರು. ಇದರಲ್ಲಿ ಮಧ್ಯದ ಕಟ್ಟು ಅನ್ನೋದೇ ಇಲ್ಲ. ಅಂಗಡಿಯಲ್ಲಿ ಕೊಳ್ಳೋ ಪೊಟ್ಟಣದೊಳಗೆ ಯಾವ ಕಾರ್ಡಿದೆ ಅಂತ ಗೊತ್ತಿರಲ್ಲ. ಕೊಂಡು, ಅದಲು ಬದಲು ಮಾಡಿ, ತನ್ನ ಕಟ್ಟನ್ನ ತಾನೇ ಕಟ್ಟಿಕೊಂಡು ಬಂದು ಆಡಬೇಕು. ಮೊದಲ ಮುದ್ರಣದ 26 ಲಕ್ಷ ಕಾರ್ಡು ಕೆಲವೇ ವಾರಗಳಲ್ಲಿ ಖಾಲಿ. ಆಗಿನ 'ಬ್ಲ್ಯಾಕ್ ಲೋಟಸ್' ಅನ್ನೋ ಒಂದೇ ಒಂದು ಕಾರ್ಡು 2021ರ ಹರಾಜಿನಲ್ಲಿ 5 ಲಕ್ಷ ಡಾಲರಿಗೂ ಮೀರಿ ಹೋಯ್ತು.

ಈ ಆಟದ ಮೊದಲ ನಿಯಮಪುಸ್ತಕದಲ್ಲಿ 'ಆಂಟಿ' ಅಂತ ಒಂದು ಕಟ್ಟಳೆ ಇತ್ತು. ಆಟ ಶುರು ಆಗೋ ಮೊದಲು ಇಬ್ಬರೂ ಕಟ್ಟು ಕಲೆಸಿ, ಕಣ್ಣು ಮುಚ್ಚಿ ಒಂದೊಂದು ಕಾರ್ಡು ತೆಗೆದು ಪಕ್ಕಕ್ಕಿಡಬೇಕು. ಗೆದ್ದವನು ಎರಡನ್ನೂ ಮನೆಗೆ ಒಯ್ಯಬೇಕು. ಪಣ ಅನ್ನಿ.

ಇದನ್ನ ಮೊದಲ ಸಲ ಓದಿದಾಗ ಬೆಚ್ಚಿಬಿದ್ದೆ. ಇದು ನ್ಯಾಮತಿ ನಿಯಮ!

*

ಹೌದು ಮತ್ತೆ. ಮಾವನ ಹಾಳೆಯಲ್ಲಿ ಊರೂರಿನ ನಿಯಮ ಬರೆದಿಟ್ಟಿದೆ. ಹೊನ್ನಾಳಿಯಲ್ಲಿ ಆಟ ಮುಗಿದ ಮೇಲೆ ಅವರವರ ಕಾರ್ಡು ಅವರವರಿಗೆ. ನ್ಯಾಮತಿಯಲ್ಲಿ ಆಟಕ್ಕೆ ಮೊದಲು ನೋಡದೆ ಒಂದೊಂದು ಕಾರ್ಡು ತೆಗೆದಿಡೋದು, ಗೆದ್ದವರಿಗೆ ಎರಡೂ. ಚನ್ನಗಿರಿಯಲ್ಲಿ (ನಮ್ಮದು, ನಾಚಿಕೆಯಿಂದಲೇ ಹೇಳ್ತೀನಿ) ಗೆದ್ದವನು ಸೋತವನ ಕಟ್ಟು ಬಿಡಿಸಿ ನೋಡಿ, ತನಗೆ ಬೇಕಾದ್ದನ್ನ ಆರಿಸಿಕೊಳ್ಳೋದು. ಜಗಳೂರಿನ ಮುಂದೆ ಮಾವ "ನಿಯಮ ಇಲ್ಲ" ಅಂತ ಬರೆದಿದ್ದಾರೆ. ಅವರ ಕ್ಲಾಸಿಗೆಲ್ಲಾ ಇದ್ದದ್ದೇ ಒಂದು ಕಟ್ಟು, ಅದೂ ನಮ್ಮ ಅಣ್ಣತಮ್ಮಂದಿರದ್ದು. ಒಂದೇ ಕಟ್ಟಿದ್ದ ಮೇಲೆ ಯಾರು ಯಾರದ್ದನ್ನ ಗೆಲ್ಲೋದು?

ಜಗಳೂರು ಕಡೆ ಮಳೆ ಕಡಿಮೆ, ಬಯಲುಸೀಮೆ. ಚನ್ನಗಿರಿಯ ಅಡಿಕೆ ತೋಟ, ಸೂಳೆಕೆರೆ ನೀರು ನೋಡಿದವರಿಗೆ ಅಲ್ಲಿನ ಬಿಸಿಲು ಅರ್ಥ ಆಗೋದು ಕಷ್ಟ. ಆ ಹುಡುಗರು ಶೇಂಗಾ ಸುಲಿದ ಕೂಲಿಯಲ್ಲಿ ದಾವಣಗೆರೆಯಲ್ಲಿ ಆ ಕಟ್ಟು ಕೊಂಡಿದ್ರು. 30 ಕಾರ್ಡು, ಇಬ್ಬರಿಗೂ ಸೇರಿ. ನಮ್ಮಿಬ್ಬರ ಹತ್ತಿರ ಮೂರು ಕಟ್ಟು ಇತ್ತು.

ಪಂದ್ಯದ ಹಿಂದಿನ ರಾತ್ರಿ ಜಗಲಿಯಲ್ಲಿ 'ಪ್ರಾಕ್ಟೀಸು' ಅಂತ ಕೂತ್ವಿ. ಜಗಳೂರಿನ ಚಿಕ್ಕವನು, ನನಗಿಂತ ಒಂದು ವರ್ಷ ಸಣ್ಣವನು, ನನ್ನ ಎದುರಿಗೆ.

"ಯಾವ ನಿಯಮ ಲೇ?" ಅಂದ.

"ನಮ್ಮೂರಿಂದು" ಅಂದೆ.

ಒಂದು ಕ್ಷಣ ಸುಮ್ಮನಿದ್ದು "ಹ್ಞೂಂ" ಅಂದ. ಸೋತ. ನಾನು ಅವನ ಕಟ್ಟು ಬಿಡಿಸಿ ಅಂಡರ್‌ಟೇಕರ್ ತಗೊಂಡೆ.

ಬೆಳಿಗ್ಗೆ ಎದ್ದಾಗ ಲೆಕ್ಕ ತಪ್ಪಿತ್ತು. ಪಂದ್ಯಕ್ಕೆ ಒಬ್ಬೊಬ್ಬರು 15 ಕಾರ್ಡು ತರಬೇಕು. ಜಗಳೂರಿನವರ ಹತ್ತಿರ ಈಗ 29. ಅಣ್ಣನಿಗೆ 15, ತಮ್ಮನಿಗೆ 14. ಚನ್ನಗಿರಿ ನಿಯಮ ಬೇಕು ಬೇಡ ಅಂತ ಗಲಾಟೆ ಶುರುವಾಗಿ, ಮಾವ ಪೇಪರ್ ಮಡಿಸಿಟ್ಟು ಎದ್ದು ಬಂದ್ರು. ಪೂರ್ತಿ ಕೇಳಿ ಹೇಳಿದ್ದಿಷ್ಟು: "ಪಂದ್ಯದಲ್ಲಿ ಯಾರ ಕಾರ್ಡೂ ಯಾರಿಗೂ ಹೋಗಲ್ಲ. ಹಿಂದೆ ಮೂಲೆಯಲ್ಲಿ ಚ, ಹೊ, ನ್ಯಾ, ಜ ಅಂತ ಬರೀರಿ. ನಿನ್ನೆ ರಾತ್ರೀದು ನಿಮ್ಮ ನಿಮ್ಮ ಒಪ್ಪಂದ, ಅದಕ್ಕೆ ನಾನು ಬರಲ್ಲ."

ನನಗೆ ಎಷ್ಟು ಸಮಾಧಾನ ಆಯ್ತು ಅಂದ್ರೆ, ಇವತ್ತಿಗೂ ಅದು ನೆನಪಿದೆ.

ಕಡಿಮೆ ಬಿದ್ದ ಒಂದು ಕಾರ್ಡಿಗೆ ಹಳೇ ಲಗ್ನಪತ್ರಿಕೆ ಕತ್ತರಿಸಿ ಒಂದು ಖಾಲಿ ಕಾರ್ಡು ಮಾಡಿದ್ರು. ಎತ್ತರ ಸೊನ್ನೆ, ತೂಕ ಸೊನ್ನೆ, ಎಲ್ಲಾ ಸೊನ್ನೆ. ಡಬ್ಬಿಯಲ್ಲಿ ಅದೂ ಸಿಕ್ತು. ಹಿಂದೆ ಗಣಪತಿ ಚಿತ್ರ ಅರ್ಧ ಇದೆ.

*

ಈಗ ಪಂದ್ಯ ನಡೆಸಿದ ರೀತಿ ಹೇಳಲೇಬೇಕು. ನಾವೆಲ್ಲ ನಾಕೌಟ್ ಅಂದ್ವಿ, ಕ್ರಿಕೆಟ್ ಟೂರ್ನಮೆಂಟಿನ ಹಾಗೆ. ಮಾವ ಒಪ್ಪಲಿಲ್ಲ. "ಜಗಳೂರಿಂದ ಎರಡು ಬಸ್ಸು ಬದಲಿಸಿ ಬಂದ ಹುಡುಗ ಮೊದಲ ಆಟಕ್ಕೇ ಸೋತು, ಉಳಿದ ದಿನ ಗೋಡೆ ನೋಡ್ತಾ ಕೂರಬೇಕಾ?" ಎಲ್ಲರೂ ಎಲ್ಲರ ಜೊತೆ ಆಡಿದ್ರೆ 28 ಆಟ, ಊಟಕ್ಕೆ ಮುಂಚೆ ಮುಗಿಯಲ್ಲ. ಮಾವ ಕಾಲೇಜಿನಲ್ಲಿ ಚೆಸ್ ಆಡಿದವರು. "ಸ್ವಿಸ್ ಮಾಡೋಣ" ಅಂದ್ರು.

ಸ್ವಿಸ್ ಪದ್ಧತಿ ಮೊದಲು ಬಳಕೆಗೆ ಬಂದದ್ದು 1895ರಲ್ಲಿ, ಜ್ಯೂರಿಕ್‌ನ ಒಂದು ಚೆಸ್ ಪಂದ್ಯದಲ್ಲಿ. ಇದರಲ್ಲಿ ಯಾರೂ ಹೊರಗೆ ಬೀಳಲ್ಲ. ಮೊದಲ ಸುತ್ತು ಚೀಟಿ ಎತ್ತಿ ಜೋಡಿ. ಎರಡನೇ ಸುತ್ತಿನಲ್ಲಿ ಗೆದ್ದವರು ಗೆದ್ದವರ ಜೊತೆ, ಸೋತವರು ಸೋತವರ ಜೊತೆ. ಮೂರನೆಯದಕ್ಕೂ ಸಮ ಅಂಕದವರ ಮಧ್ಯೆ. ಎಂಟು ಜನಕ್ಕೆ ಮೂರು ಸುತ್ತು, 12 ಆಟ. ಕೊನೆಗೆ ಮೂರೂ ಗೆದ್ದವರು ಒಬ್ಬರೇ ಉಳೀತಾರೆ, ಎಲ್ಲರಿಗೂ ಮೂರು ಆಟ ಸಿಕ್ಕಿರುತ್ತೆ. ಮ್ಯಾಜಿಕ್ ಟೂರ್ನಮೆಂಟುಗಳೂ ಇದೇ ಪದ್ಧತಿಯಲ್ಲಿ ನಡೆಯುತ್ತವೆ ಅಂತ ಆಮೇಲೆ ಗೊತ್ತಾಯ್ತು. ಅದರ ಮೊದಲ ವಿಶ್ವ ಚಾಂಪಿಯನ್‌ಶಿಪ್ 1994ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ನಡೀತು. ನಮ್ಮದು ಅದಾದ ಮೂರು ವರ್ಷಕ್ಕೆ, ಹೊನ್ನಾಳಿಯಲ್ಲಿ. :-)

ಗೆದ್ದದ್ದು ನ್ಯಾಮತಿಯ ಅಕ್ಕ, ಮೂರಕ್ಕೆ ಮೂರು. ಅವಳ ಕಟ್ಟು ನಮ್ಮದಕ್ಕಿಂತ ಚೆನ್ನಾಗೇನೂ ಇರಲಿಲ್ಲ. ಆದರೆ ಯಾರ ಕೈಯಿಂದ ಯಾವ ಕಾರ್ಡು ಬಿದ್ದುಹೋಯ್ತು, ಇನ್ನು ಯಾವುದು ಉಳಿದಿದೆ ಅನ್ನೋದು ಅವಳಿಗೆ ಬಾಯಿಪಾಠ. ನಿಮ್ಮ ಯೋಕೋಝುನಾ ಹೋದ ಮೇಲೆಯೇ ತೂಕ ಕೂಗ್ತಿದ್ಲು. ಬಹುಮಾನ ಮಂಡಕ್ಕಿ ಮಿರ್ಚಿ ಎಲ್ಲರಿಗೂ, ಅವಳಿಗೆ ಎರಡು ಮಿರ್ಚಿ ಹೆಚ್ಚು.

ಇಲ್ಲಿ ಸುಪ್ರೀಂ ಕೋರ್ಟು ಬರುತ್ತೆ. ಆಂಧ್ರದ ಒಂದು ಕ್ಲಬ್ಬಿನ ರಮ್ಮಿ ಆಟದ ಮೇಲೆ ಹೂಡಿದ ಮೊಕದ್ದಮೆಯಲ್ಲಿ (ಆಂಧ್ರಪ್ರದೇಶ ಸರ್ಕಾರ ಮತ್ತು ಕೆ. ಸತ್ಯನಾರಾಯಣ, 1967) ಕೋರ್ಟು ಹೇಳಿದ್ದು ಹೆಚ್ಚುಕಮ್ಮಿ ಇದನ್ನೇ. ಬಿದ್ದ ಎಲೆ ನೆನಪಿಟ್ಟುಕೊಳ್ಳಬೇಕು, ಯಾವುದನ್ನ ಇಟ್ಟುಕೊಳ್ಳಬೇಕು ಯಾವುದನ್ನ ಬಿಡಬೇಕು ಅನ್ನೋ ಜಾಣ್ಮೆ ಬೇಕು, ಆದ್ದರಿಂದ ರಮ್ಮಿ ಮುಖ್ಯವಾಗಿ ಕೌಶಲದ ಆಟ. ಮೂರು ಎಲೆಯ ಆಟ ಹಾಗಲ್ಲ, ಅದು ಅದೃಷ್ಟದ್ದು. ನಮ್ಮ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಲ್ಲೂ ಕೌಶಲದ ಆಟಕ್ಕೆ ವಿನಾಯಿತಿ ಇತ್ತು. 2021ರಲ್ಲಿ ರಾಜ್ಯ ಸರ್ಕಾರ ಅದನ್ನ ತಿದ್ದಿ, ದುಡ್ಡು ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನೂ ಜೂಜಿನ ಕೆಳಗೆ ತಂದಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯನ್ನ ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು, ಆನ್‌ಲೈನ್‌ನಲ್ಲಿ ಹಣ ಪಣವಿಟ್ಟು ಆಡೋದಾದರೆ ಕೌಶಲವೋ ಅದೃಷ್ಟವೋ ಅಂತ ನೋಡೋದಿಲ್ಲ, ಎರಡೂ ನಿಷಿದ್ಧ ಅಂದಿತು.

ವಾದ ಎಲ್ಲಾ ಕೌಶಲವೋ ಅದೃಷ್ಟವೋ ಅನ್ನೋದರ ಮೇಲೆ. ನಮ್ಮ ಜಗಲಿಯ ಪ್ರಶ್ನೆ ಬೇರೆ ಇತ್ತು. ಕೌಶಲ ಇತ್ತು, ಒಪ್ಪಿಗೆಯೂ ಇತ್ತು. ಆದರೆ ಮೂರು ಕಟ್ಟು ಇದ್ದವನಿಗೂ ಅರ್ಧ ಕಟ್ಟು ಇದ್ದವನಿಗೂ ಒಂದು ಕಾರ್ಡಿನ ಪಣ ಅಂದ್ರೆ ಒಂದೇನಾ?

ಮ್ಯಾಜಿಕ್‌ನವರೂ ಇದಕ್ಕೇ ಬಂದು ನಿಂತರು. ದುಡ್ಡು ಕೊಟ್ಟು ಕೂಡಿಸಿದ ಕಾರ್ಡು ಕಳೆದುಕೊಳ್ಳೋಕೆ ಆಟಗಾರರಿಗೆ ಇಷ್ಟ ಇರಲಿಲ್ಲ, ಜೂಜಿನ ಕಾನೂನಿನ ಭಯ ಬೇರೆ. ಟೂರ್ನಮೆಂಟುಗಳಲ್ಲಿ ಪಣ ಇಲ್ಲವಾಯ್ತು. 1995ರ ನಂತರ ಪಣದ ಮಾತೆತ್ತುವ ಹೊಸ ಕಾರ್ಡು ಅಚ್ಚಾಗಲಿಲ್ಲ. ಅಲ್ಲಿಗೆ ಅವರ ಆಟವೂ ಹೊನ್ನಾಳಿ ನಿಯಮಕ್ಕೆ ಬಂತು ಅನ್ನಿ. ಆದರೆ ಪಣ ಹೋದರೂ, ದುಡ್ಡಿದ್ದವನ ಕಟ್ಟು ಬಲವಾಗಿರೋದು ಹೋಗಲಿಲ್ಲ. ಅದನ್ನ ಯಾವ ನಿಯಮವೂ ಪೂರ್ತಿ ಸರಿಮಾಡಿಲ್ಲ.

*

ಹಾಳೆಯ ಹಿಂಬದಿಯಲ್ಲಿ ಅಂಕಪಟ್ಟಿ ಇದೆ. ಜಗಳೂರಿನ ಚಿಕ್ಕವನ ಮುಂದೆ: ಗೆಲುವು 1, ಸೋಲು 2. ಸೋತ ಎರಡೂ ಆಟ 7-8. ಎರಡರಲ್ಲೂ ಒಂದೇ ಒಂದು ಕಾರ್ಡು ಕಡಿಮೆ. ಅದರಲ್ಲಿ ಒಂದು ನನ್ನ ಎದುರಿಗೆ. ನನ್ನ 15ರಲ್ಲಿ ಅವನ ಅಂಡರ್‌ಟೇಕರ್ ಇತ್ತು, ಹಿಂದೆ ಮೂಲೆಯಲ್ಲಿ ನಾನೇ 'ಚ' ಅಂತ ಬರೆದಿದ್ದೆ.

ಆ ಕಾರ್ಡನ್ನ ಜೇಬಿನಲ್ಲಿಟ್ಟುಕೊಂಡು ಹೋದ ವಾರ ಜಗಳೂರಿಗೆ ಹೋದೆ. ಅವನದೀಗ ಅಲ್ಲೇ ಒಂದು ಮೋಟರ್ ರಿವೈಂಡಿಂಗ್ ಅಂಗಡಿ. ಚಹಾ ತರಿಸಿದ. ಕಾರ್ಡು ತೆಗೆದು ಮೇಜಿನ ಮೇಲಿಟ್ಟೆ. ತಿರುಗಿಸಿ 'ಚ' ನೋಡಿದ.

"ನೀನು ಒಪ್ಪಿಯೇ ಆಡಿದ್ದಲ್ಲ ಲೇ, ಆದ್ರೂ..." ಅಂತ ಏನೋ ಹೇಳೋಕೆ ಹೋದೆ.

"ಒಪ್ಪದಿದ್ರೆ ಆಟಕ್ಕೆ ಸೇರಿಸ್ಕೊಂತಿದ್ರೇನು ನೀವು?" ಅಂದ. ಸಿಟ್ಟಿನಿಂದ ಅಲ್ಲ, ತಂತಿ ಸುತ್ತುತ್ತಲೇ, ಸುಮ್ಮನೆ.

ನನಗೆ ಉತ್ತರ ಹೊಳೀಲಿಲ್ಲ. ಇಷ್ಟು ಚರಿತ್ರೆ ಓದಿದ ಮೇಲೂ ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಅವನು ಕಾರ್ಡನ್ನ ಅಂಗಿ ಜೇಬಿಗೆ, ಬಿಲ್ಲುಗಳ ಜೊತೆ ಹಾಕಿಕೊಂಡ. "ಇಷ್ಟು ವರ್ಷದ ಬಡ್ಡಿ?" ಅಂದ. ಚಹಾದ ದುಡ್ಡು ನಾನು ಕೊಟ್ಟೆ.

ಬರೋ ಬೇಸಿಗೆಗೆ ಹೊಸ ಜಗಲಿ ಸಿದ್ಧ ಆಗುತ್ತೆ. ನಮ್ಮ ಮಕ್ಕಳನ್ನ ಸೇರಿಸಿ ಮತ್ತೆ ನಾಲ್ಕು ಊರಿನ ಪಂದ್ಯ ಮಾಡೋಣ ಅಂತ ನ್ಯಾಮತಿಯ ಅಕ್ಕ ಹಟ ಹಿಡಿದಿದಾಳೆ (ಈ ಸಲ ತಾಲ್ಲೂಕಿನ ಲೆಕ್ಕದಲ್ಲೇ!). ಸ್ವಿಸ್ ಪದ್ಧತಿ, ಹೊನ್ನಾಳಿ ನಿಯಮ. ನಾನು ಒಂದನ್ನ ಸೇರಿಸಬೇಕು ಅಂದಿದೀನಿ: ಎಲ್ಲರ ಕಾರ್ಡನ್ನೂ ಮೊದಲು ಒಂದೇ ರಾಶಿಗೆ ಹಾಕಿ, ಅದರಿಂದಲೇ ಎಲ್ಲರಿಗೂ ಹದಿನೈದು ಹದಿನೈದು ಹಂಚೋದು. ಮುಗಿದ ಮೇಲೆ ಮೂಲೆಯ ಅಕ್ಷರ ನೋಡಿ ವಾಪಸ್ಸು.

ನಿಮ್ಮೂರಿನಲ್ಲಿ ಏನು ನಿಯಮ ಇತ್ತು? ಗೋಲಿಗೆ, ಪ್ಯಾಕಿಗೆ, ಕಾರ್ಡಿಗೆ... ನೆನಪಿದ್ರೆ ಬರೆದು ತಿಳಿಸಿ. ಮಾವನ ಹಾಳೆಯಲ್ಲಿ ಇನ್ನೂ ಜಾಗ ಇದೆ.